ನಿಮ್ಮವರು ಅಂದಾಗ ಎಲ್ಲಿದ್ರಿ? ಒಂದು ಬರ್ತ್‌ಡೇ ಪಾರ್ಟಿಯ ಕಥೆ

ಇವತ್ತಿನ ಕಥೆ ಒಂದು ಬರ್ತ್‌ಡೇ ಪಾರ್ಟಿಯಿಂದ ಶುರುವಾಗುತ್ತೆ. 2002ರ ಡಿಸೆಂಬರ್ 5, ವಾಷಿಂಗ್ಟನ್. ಅಮೆರಿಕದ ಸೆನೆಟರ್‌ಗಳ ಕಚೇರಿಗಳಿರೋ ಡರ್ಕ್‌ಸನ್ ಕಟ್ಟಡ. ಸೌತ್ ಕೆರೊಲಿನಾದ ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರಿಗೆ ಅವತ್ತಿಗೆ ಸರಿಯಾಗಿ 100 ವರ್ಷ. ಹೌದು, ಆ ವಯಸ್ಸಿನಲ್ಲೂ ಸೆನೆಟರ್ ಆಗಿಯೇ ಇದ್ದರು.

ಹೊಗಳೋಕೆ ಬಂದವರಲ್ಲಿ ಮಿಸಿಸಿಪ್ಪಿಯ ಸೆನೆಟರ್ ಟ್ರೆಂಟ್ ಲಾಟ್ ಒಬ್ಬರು. ಹಿಂದಿನ ತಿಂಗಳಷ್ಟೇ ಅವರ ರಿಪಬ್ಲಿಕನ್ ಪಕ್ಷ ಚುನಾವಣೆ ಗೆದ್ದು ಸೆನೆಟ್ ವಾಪಸ್ ಪಡೆದಿತ್ತು. ಜನವರಿಯಲ್ಲಿ ಲಾಟ್ ಬಹುಮತದ ನಾಯಕ ಆಗೋರಿದ್ರು, ಅಂದ್ರೆ ಸೆನೆಟ್‌ನಲ್ಲಿ ಅತ್ಯಂತ ಪವರ್ ಇರೋ ಕುರ್ಚಿ. ಮೈಕ್ ಹಿಡಿದು ಅವರು ಹೇಳಿದ್ದರ ಅರ್ಥ ಇಷ್ಟು: ಥರ್ಮಂಡ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ನಮ್ಮ ರಾಜ್ಯದವರು ಅವರಿಗೇ ವೋಟ್ ಹಾಕಿದ್ವಿ, ಆ ಬಗ್ಗೆ ನಮಗೆ ಹೆಮ್ಮೆ ಇದೆ, ಉಳಿದ ದೇಶವೂ ನಮ್ಮ ದಾರಿ ಹಿಡಿದಿದ್ರೆ ಇಷ್ಟು ವರ್ಷ ಈ ಎಲ್ಲ ತೊಂದರೆಗಳು ಇರ್ತಿರಲಿಲ್ಲ.

ಕೇಳೋಕೆ ಮಾಮೂಲಿ ಹೊಗಳಿಕೆ ಅನ್ಸುತ್ತೆ ಅಲ್ವಾ? ತಾತನ ಹುಟ್ಟುಹಬ್ಬ, ನಾಲ್ಕು ಒಳ್ಳೆ ಮಾತು. ಇದರಲ್ಲಿ ಏನಿದೆ ಅಂತ ಗೊತ್ತಾಗಬೇಕಾದ್ರೆ 1948ಕ್ಕೆ ಹೋಗಬೇಕು.

ಆ ವರ್ಷ ಅಧ್ಯಕ್ಷ ಟ್ರೂಮನ್. ಕಪ್ಪು ಜನರನ್ನ ಗುಂಪು ಸೇರಿ ಹೊಡೆದು ಸಾಯಿಸೋ ಲಿಂಚಿಂಗ್ ವಿರುದ್ಧ ಕಾನೂನು ಬೇಕು, ವೋಟ್ ಹಾಕೋಕೆ ತೆರಿಗೆ ಕಟ್ಟಬೇಕು ಅನ್ನೋ ನಿಯಮ ಹೋಗಬೇಕು ಅಂತ ಫೆಬ್ರವರಿಯಲ್ಲಿ ಸಂಸತ್ತಿಗೆ ಕೇಳಿಕೊಂಡರು. ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಡೆಮಾಕ್ರಾಟಿಕ್ ಪಕ್ಷದ ಅಧಿವೇಶನ ನಾಗರಿಕ ಹಕ್ಕುಗಳ ನಿರ್ಣಯ ಪಾಸ್ ಮಾಡಿತು. ಮಿಸಿಸಿಪ್ಪಿಯ ಪ್ರತಿನಿಧಿಗಳು, ಅಲಬಾಮಾದ ಅರ್ಧ ಜನ ಎದ್ದು ಹೊರಗೆ ನಡೆದರು. ಹೊಸ ಪಕ್ಷ ಕಟ್ಟಿದರು. ಜನ ಅದನ್ನ ಡಿಕ್ಸಿಕ್ರಾಟ್ ಅಂತ ಕರೆದರು. ಅದರ ಅಧ್ಯಕ್ಷೀಯ ಅಭ್ಯರ್ಥಿ, ಆಗ ಸೌತ್ ಕೆರೊಲಿನಾದ ಗವರ್ನರ್ ಆಗಿದ್ದ ಥರ್ಮಂಡ್. ಪಕ್ಷದ ಅಜೆಂಡಾ ಮುಚ್ಚುಮರೆ ಇಲ್ಲದ್ದು: ಬಿಳಿಯರು ಬೇರೆ, ಕಪ್ಪು ಜನ ಬೇರೆ, ಶಾಲೆ, ಥಿಯೇಟರ್, ಈಜುಕೊಳ ಎಲ್ಲಾ ಬೇರೆ ಬೇರೆಯಾಗೇ ಇರಬೇಕು. ಥರ್ಮಂಡ್ ಗೆದ್ದಿದ್ದು ನಾಲ್ಕು ರಾಜ್ಯ, 39 ಎಲೆಕ್ಟೋರಲ್ ವೋಟ್. ಮಿಸಿಸಿಪ್ಪಿಯಲ್ಲಿ ಅವರಿಗೆ ಸಿಕ್ಕಿದ್ದು ಶೇ 87.

ಈಗ ಲಾಟ್ ಅವರ ಮಾತನ್ನ ಇನ್ನೊಂದು ಸಲ ನೋಡಿ. 'ನಾವು' ವೋಟ್ ಹಾಕಿದ್ವಿ. ಯಾರು ಈ ನಾವು? 1940ರ ದಶಕದಲ್ಲಿ ಮಿಸಿಸಿಪ್ಪಿಯ ಜನಸಂಖ್ಯೆಯಲ್ಲಿ ಹತ್ತಿರಹತ್ತಿರ ಅರ್ಧ ಕಪ್ಪು ಜನ. ಅವರಲ್ಲಿ ಬಹುತೇಕ ಯಾರಿಗೂ ವೋಟ್ ಹಾಕೋಕೆ ಬಿಡ್ತಾ ಇರಲಿಲ್ಲ. ಆ ಶೇ 87 ಅನ್ನೋದು ಉಳಿದ ಅರ್ಧ ರಾಜ್ಯದ ಲೆಕ್ಕ. ಲಾಟ್‌ಗೆ ಆಗಿನ್ನೂ 7 ವರ್ಷ. ಆದರೂ 54 ವರ್ಷ ಆದಮೇಲೆ ಅವರ ಬಾಯಲ್ಲಿ ಬಂದ 'ನಮ್ಮ ರಾಜ್ಯ'ದಲ್ಲಿ ಆ ಇನ್ನರ್ಧ ಜನ ಇರಲೇ ಇಲ್ಲ. ಇನ್ನು 'ಈ ಎಲ್ಲ ತೊಂದರೆಗಳು' ಅಂದ್ರೆ ಯಾವುವು? ಕಪ್ಪು ಮಕ್ಕಳು ಬಿಳಿಯರ ಶಾಲೆಗೆ ಹೋಗಿದ್ದಾ? ಕಪ್ಪು ಜನರಿಗೆ ವೋಟ್ ಸಿಕ್ಕಿದ್ದಾ? ಅದನ್ನ ಅವರು ಬಿಡಿಸಿ ಹೇಳಲಿಲ್ಲ.

ಇಲ್ಲಿಂದ ಮುಂದಿನ 15 ದಿನ ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ಇವತ್ತಿಗೂ ಯಾವುದೇ ರಾಜಕಾರಣಿ ಜನಾಂಗದ ಬಗ್ಗೆ ಏನಾದ್ರೂ ಅಂದ ತಕ್ಷಣ 'ನಿಮ್ಮವರು ಅಂದಾಗ ಎಲ್ಲಿದ್ರಿ' ಅಂತ ಶುರುವಾಗೋ ಆಟದ ಸ್ಟಾಂಡರ್ಡ್ ಉದಾಹರಣೆ ಇದೇ.

ಕಾರ್ಯಕ್ರಮ ಟಿವಿಯಲ್ಲಿ ಲೈವ್ ಹೋಗಿತ್ತು, ಆದ್ರೆ ಮಾರನೇ ದಿನ ದೊಡ್ಡ ಸುದ್ದಿಯೇನೂ ಆಗಲಿಲ್ಲ. ನೀವು ಅಂದುಕೊಂಡಿರಬಹುದು, ಡೆಮಾಕ್ರಾಟ್‌ಗಳು ಮೊದಲು ಹಾರಿಬಿದ್ದು ಹಿಡಿದಿರ್ತಾರೆ ಅಂತ. ಇಲ್ಲ! ಸೆನೆಟ್‌ನಲ್ಲಿ ಅವರ ನಾಯಕರಾಗಿದ್ದ ಟಾಮ್ ಡ್ಯಾಶಲ್, ಮೈಕ್ ಮುಂದೆ ನಾವೆಲ್ಲ ಒಮ್ಮೊಮ್ಮೆ ಅಂದುಕೊಂಡಿದ್ದೊಂದು ಹೇಳೋದೊಂದು ಆಗುತ್ತೆ ಅನ್ನೋ ಧಾಟಿಯಲ್ಲಿ ಬಿಟ್ಟುಬಿಟ್ಟರು. ಅವರ ಪಕ್ಷದ ಕಪ್ಪು ಸಂಸದರು ಸಿಟ್ಟಾದ ಮೇಲೇ ದನಿ ಗಟ್ಟಿಯಾಗಿದ್ದು. ಕೆಲವು ಬ್ಲಾಗರ್‌ಗಳು ವಿಷಯ ಬಿಡದೆ ಹಿಡಿದಿದ್ರು, ಅವರಲ್ಲಿ ಕನ್ಸರ್ವೇಟಿವ್ ಬರಹಗಾರರೂ ಇದ್ದರು. ಆಮೇಲೆ 1980ರ ಒಂದು ಹಳೇ ಸುದ್ದಿ ಎದ್ದು ಬಂತು: ಆಗಲೂ ಲಾಟ್, ಮಿಸಿಸಿಪ್ಪಿಯಲ್ಲಿ ರೇಗನ್ ಪರ ನಡೆದ ಸಭೆಯಲ್ಲಿ, ಇದೇ ಥರ್ಮಂಡ್ ಬಗ್ಗೆ, ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ದರು. ಬಾಯಿ ತಪ್ಪಿ ಬಂತು ಅನ್ನೋ ವಾದ ಅಲ್ಲಿಗೆ ಬಿತ್ತು. ಒಂದೇ ವಾಕ್ಯ 22 ವರ್ಷದ ಅಂತರದಲ್ಲಿ ಎರಡು ಸಲ ಬಾಯಿ ತಪ್ಪಲ್ಲ.

ಡಿಸೆಂಬರ್ 12ಕ್ಕೆ ಅಧ್ಯಕ್ಷ ಬುಷ್, ತಮ್ಮದೇ ಪಕ್ಷದ ಲಾಟ್ ಅವರನ್ನ ಬಹಿರಂಗವಾಗಿ ಟೀಕಿಸಿದರು. ಲಾಟ್ ಮತ್ತೆ ಮತ್ತೆ ಕ್ಷಮೆ ಕೇಳಿದರು. 16ಕ್ಕೆ ಕಪ್ಪು ವೀಕ್ಷಕರ ಚಾನೆಲ್ ಬಿಇಟಿಗೆ ಹೋಗಿ, 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ರಜಾದಿನದ ವಿರುದ್ಧ ವೋಟ್ ಹಾಕಿದ್ದು ತಪ್ಪು ಅಂದರು, ಅಲ್ಲಿವರೆಗೂ ಒಪ್ಪದೇ ಇದ್ದ ಮೀಸಲಾತಿ ಥರದ ಅಫರ್ಮೇಟಿವ್ ಆ್ಯಕ್ಷನ್‌ಗೂ ಜೈ ಅಂದರು. ಕೆಲಸ ಆಗಲಿಲ್ಲ. 20ಕ್ಕೆ ನಾಯಕತ್ವ ಬಿಟ್ಟರು. ನಾಯಕತ್ವ ಮಾತ್ರ ಬಿಟ್ಟರು, ಸೆನೆಟ್ ಸೀಟ್ ಬಿಡಲಿಲ್ಲ, ಇದನ್ನ ಗಮನಿಸಿ. ಬಿ.ಕಾಂ ಓದಿದ ತಲೆ ನನ್ನದು, ಇಂಥದ್ದು ಕಂಡ್ರೆ ಲೆಕ್ಕ ಹಾಕದೆ ಇರೋಕಾಗಲ್ಲ. ರಿಪಬ್ಲಿಕನ್ನರ ಬಳಿ ಇದ್ದಿದ್ದು 51 ಸೀಟ್. ಲಾಟ್ ಪೂರ್ತಿ ರಾಜೀನಾಮೆ ಕೊಟ್ಟಿದ್ರೆ ಆ ಜಾಗಕ್ಕೆ ಹೆಸರು ಸೂಚಿಸೋ ಅಧಿಕಾರ ಮಿಸಿಸಿಪ್ಪಿ ಗವರ್ನರ್‌ಗೆ. ಆ ಗವರ್ನರ್ ಡೆಮಾಕ್ರಾಟ್. ಕುರ್ಚಿ ಹೋದ್ರೆ ಪಕ್ಷಕ್ಕೆ ನಷ್ಟ ಇಲ್ಲ, ಸೀಟ್ ಹೋದ್ರೆ ಎರಡೂ ಕಡೆ ಸಮಸಮ, ಬಹುಮತ ಉಪಾಧ್ಯಕ್ಷರ ವೋಟಿನ ಮೇಲೆ ನಿಂತಂಗೆ.

ಇನ್ನೊಂದು ಕಡೆ, ಲಾಟ್ ಪರ ಇದ್ದವರು ಕೇಳಿದ ಪ್ರಶ್ನೆ: ಹಾಗಾದ್ರೆ ರಾಬರ್ಟ್ ಬರ್ಡ್?

ಪ್ರಶ್ನೆ ನ್ಯಾಯವಾದದ್ದೇ. ವೆಸ್ಟ್ ವರ್ಜೀನಿಯಾದ ಡೆಮಾಕ್ರಾಟ್ ಸೆನೆಟರ್ ಬರ್ಡ್ 1940ರ ದಶಕದಲ್ಲಿ ಕು ಕ್ಲಕ್ಸ್ ಕ್ಲಾನ್ ಸದಸ್ಯ, ಬರೀ ಸದಸ್ಯ ಅಲ್ಲ, ಸ್ಥಳೀಯ ಘಟಕದ ಮುಖ್ಯಸ್ಥ. 1964ರ ನಾಗರಿಕ ಹಕ್ಕು ಕಾಯ್ದೆ ತಡೆಯೋಕೆ 14 ಗಂಟೆಗೂ ಹೆಚ್ಚು ನಿಂತು ಭಾಷಣ ಮಾಡಿದವರು. ಸುಪ್ರೀಂ ಕೋರ್ಟ್‌ಗೆ ಬಂದ ಮೊದಲ ಇಬ್ಬರು ಕಪ್ಪು ನ್ಯಾಯಮೂರ್ತಿಗಳು ತರ್ಗುಡ್ ಮಾರ್ಷಲ್ ಮತ್ತು ಕ್ಲಾರೆನ್ಸ್ ಥಾಮಸ್. ಒಬ್ಬರು ಲಿಬರಲ್, ಒಬ್ಬರು ಕನ್ಸರ್ವೇಟಿವ್. ಇಬ್ಬರ ವಿರುದ್ಧವೂ ವೋಟ್ ಹಾಕಿದ ಒಬ್ಬನೇ ಸೆನೆಟರ್ ಈ ಬರ್ಡ್. 2001ರಲ್ಲಿ, ಲಾಟ್ ಪ್ರಕರಣಕ್ಕೆ ಎರಡು ವರ್ಷ ಮುಂಚೆಯೂ ಅಲ್ಲ, ಟಿವಿ ಸಂದರ್ಶನದಲ್ಲಿ ಎನ್ ಅಕ್ಷರದಿಂದ ಶುರುವಾಗೋ ಆ ಬೈಗುಳವನ್ನ ಬಿಳಿಯರಿಗೆ ಸೇರಿಸಿ ಬಳಸಿದರು. ಕ್ಷಮೆ ಕೇಳಿದರು, ಮುಗೀತು. ಯಾವ ಕುರ್ಚಿಯೂ ಹೋಗಲಿಲ್ಲ.

ಬರ್ಡ್ ಪರವಾಗಿ ಹೇಳಬೇಕಾದ್ದೂ ಇದೆ. ಕ್ಲಾನ್ ಸೇರಿದ್ದು ಜೀವನದ ದೊಡ್ಡ ತಪ್ಪು ಅಂತ ಅವರು ಹತ್ತಾರು ಸಲ ಹೇಳಿದರು, 2008ರಲ್ಲಿ ಒಬಾಮಾಗೆ ಬೆಂಬಲ ಕೊಟ್ಟರು, 2010ರಲ್ಲಿ ತೀರಿಕೊಂಡಾಗ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಎನ್‌ಎಎಸಿಪಿ ಸಂಸ್ಥೆಯೇ ಸಂತಾಪ ಸೂಚಿಸಿತು. ಮನುಷ್ಯ ಬದಲಾದ ಅಂತ ನಾನೂ ನಂಬ್ತೀನಿ. ಆದ್ರೆ 'ಬದಲಾದ' ಅನ್ನೋ ರಿಯಾಯಿತಿಯನ್ನ ಪಕ್ಷಗಳು ಬದಲಾವಣೆ ಅಳೆದು ಕೊಡಲ್ಲ, ಪಕ್ಷದ ಬಣ್ಣ ನೋಡಿ ಕೊಡ್ತವೆ.

1964ರ ಕಾಯ್ದೆ ಬಂತಲ್ಲ, ಒಂದು ಕನ್ಫ್ಯೂಷನ್ ಕ್ಲಿಯರ್ ಮಾಡಿಬಿಡ್ತೀನಿ. 'ಕಪ್ಪು ಜನರನ್ನ ತುಳಿದಿದ್ದು ಡೆಮಾಕ್ರಾಟ್‌ಗಳೇ' ಅಂತ ಒಂದು ಗುಂಪು, 'ಅದೆಲ್ಲ ಹಳೇ ಕಥೆ, ಆ ಜನ ಎಲ್ಲ ಈಗ ರಿಪಬ್ಲಿಕನ್' ಅಂತ ಇನ್ನೊಂದು ಗುಂಪು. ಸೆನೆಟ್‌ನಲ್ಲಿ ಕಾಯ್ದೆ ಪಾಸಾಗಿದ್ದು 73-27ರಲ್ಲಿ. ವಿರೋಧಿಸಿದ 27ರಲ್ಲಿ 21 ಡೆಮಾಕ್ರಾಟ್, 6 ರಿಪಬ್ಲಿಕನ್. ಸೋ, ಮೊದಲ ಗುಂಪು ಹೇಳೋದು ಸುಳ್ಳಲ್ಲ. ಆದ್ರೆ ಆ 6 ಜನರಲ್ಲಿ ಒಬ್ಬರು ಬ್ಯಾರಿ ಗೋಲ್ಡ್‌ವಾಟರ್, ಅದೇ ವರ್ಷ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ. ಅವರನ್ನ ಬೆಂಬಲಿಸೋಕೆ ಅಂತ ಸೆಪ್ಟೆಂಬರ್‌ನಲ್ಲಿ ಪಕ್ಷ ಬದಲಿಸಿ ರಿಪಬ್ಲಿಕನ್ ಆದ ಸೆನೆಟರ್ ಯಾರು ಗೊತ್ತಾ? ನಮ್ಮ ಬರ್ತ್‌ಡೇ ಬಾಯ್, ಥರ್ಮಂಡ್. ಬರ್ಡ್ ಉಳಿದರು, ಥರ್ಮಂಡ್ ಹೋದರು. ಎರಡೂ ಪಕ್ಷಗಳ ಮನೆಯಲ್ಲಿ ಒಂದೊಂದು ಹಳೇ ಪೆಟ್ಟಿಗೆ ಉಳೀತು. 2004ರಲ್ಲಿ ಡೆಮಾಕ್ರಾಟ್ ಸೆನೆಟರ್ ಕ್ರಿಸ್ ಡಾಡ್, ಬರ್ಡ್ ಅವರ 17,000ನೇ ವೋಟಿನ ಸಂಭ್ರಮದಲ್ಲಿ, ಇವರು ಇತಿಹಾಸದ ಯಾವ ಕಾಲಕ್ಕೂ, ಅಂತರ್ಯುದ್ಧದ ಕಾಲಕ್ಕೂ ಸರಿಯಾದ ಮನುಷ್ಯ ಆಗಿರ್ತಿದ್ರು ಅಂದುಬಿಟ್ಟರು. ಹೆಚ್ಚುಕಮ್ಮಿ ಲಾಟ್ ಮಾತಿನ ಜೆರಾಕ್ಸ್. ಕ್ಷಮೆ, ಮುಗೀತು.

ಇಲ್ಲಿವರೆಗೆ ಕೇಳಿದ್ದು ನಮಗೆ ದೂರದ ಜಗಳ ಅನ್ನಿಸಿರಬಹುದು. ಹಾಗಾದ್ರೆ 2006ಕ್ಕೆ ಬನ್ನಿ. ಆ ವರ್ಷದ ಬೇಸಿಗೆಯಲ್ಲಿ ಎರಡೂ ಪಕ್ಷದವರು ಒಂದೊಂದು ಮಾತು ಅಂದರು, ಎರಡೂ ನಮ್ಮವರ ಬಗ್ಗೆ.

ಮೊದಲನೆಯದು ಜೋ ಬೈಡನ್. ಆಗ ಡೆಲಾವೇರ್‌ನ ಡೆಮಾಕ್ರಾಟ್ ಸೆನೆಟರ್. ಒಬ್ಬ ಭಾರತೀಯ ಮೂಲದ ಬೆಂಬಲಿಗನ ಜೊತೆ ಮಾತಾಡ್ತಾ, ನಮ್ಮ ರಾಜ್ಯದಲ್ಲಿ ಭಾರತೀಯರು ಎಷ್ಟು ಹೆಚ್ಚಾಗ್ತಿದ್ದಾರೆ ಅಂದ್ರೆ, ಸೆವೆನ್-ಇಲೆವೆನ್ ಅಂಗಡಿಗೋ ಡಂಕಿನ್ ಡೋನಟ್ಸ್‌ಗೋ ಹೋಗಬೇಕಂದ್ರೆ ಸ್ವಲ್ಪ ಇಂಡಿಯನ್ ಆಕ್ಸೆಂಟ್ ಇರಬೇಕು, ಜೋಕ್ ಮಾಡ್ತಿಲ್ಲ ಅಂದರು. ಕ್ಯಾಮೆರಾ ಆನ್ ಇತ್ತು. ಇದಕ್ಕೆ ಎರಡು ವರ್ಷ ಮುಂಚೆ ಹಿಲರಿ ಕ್ಲಿಂಟನ್, ಮಹಾತ್ಮಾ ಗಾಂಧಿ ಸೇಂಟ್ ಲೂಯಿಸ್‌ನಲ್ಲಿ ಪೆಟ್ರೋಲ್ ಬಂಕ್ ನಡೆಸ್ತಿದ್ರು ಅಂತ ಜೋಕ್ ಮಾಡಿ ಕ್ಷಮೆ ಕೇಳಿದ್ದೂ ಇದೆ.

ಎರಡನೆಯದು ವರ್ಜೀನಿಯಾದ ರಿಪಬ್ಲಿಕನ್ ಸೆನೆಟರ್ ಜಾರ್ಜ್ ಆಲೆನ್. ಆಗಸ್ಟ್ 11, ಬ್ರೇಕ್ಸ್ ಅನ್ನೋ ಸಣ್ಣ ಊರಲ್ಲಿ ಪ್ರಚಾರ ಸಭೆ. ಎದುರಾಳಿ ಜಿಮ್ ವೆಬ್ ಕಡೆಯ ಹುಡುಗ ಸಿದಾರ್ಥ್, 20 ವರ್ಷ, ವಿಡಿಯೋ ಮಾಡ್ಕೊಂಡು ಹಿಂದೆ ಹಿಂದೆ ಓಡಾಡ್ತಿದ್ದ. ಆಲೆನ್ ಅವನ ಕಡೆ ಬೆರಳು ತೋರಿಸಿ, ಈ ಹಳದಿ ಶರ್ಟ್‌ನವನು, 'ಮಕಾಕಾ' ಅಂತಲೋ ಏನೋ ಇವನ ಹೆಸರು, ಇವನಿಗೆ ಸ್ವಾಗತ ಕೋರಿ, ಅಮೆರಿಕಕ್ಕೆ ಸ್ವಾಗತ ಅಂದರು. ಜನ ನಕ್ಕರು. ಮಕಾಕಾ ಅನ್ನೋದು ಒಂದು ಜಾತಿಯ ಕೋತಿಗಳ ಹೆಸರು, ಫ್ರೆಂಚ್ ಆಳಿದ ಆಫ್ರಿಕಾದಲ್ಲಿ ಅದು ಕಪ್ಪು ಜನರಿಗೆ ಬೈಗುಳ. ಆಲೆನ್ ತಾಯಿ ಬೆಳೆದಿದ್ದು ಟುನೀಷಿಯಾದಲ್ಲಿ. ಆ ಪದ ನಾನೇ ಹುಟ್ಟಿಸಿದ್ದು, ಅರ್ಥ ಗೊತ್ತಿಲ್ಲ ಅಂದರು ಆಲೆನ್.

ನನಗೆ ಮಕಾಕಾಗಿಂತ ಹೆಚ್ಚು ಚುಚ್ಚಿದ್ದು ಆ 'ಅಮೆರಿಕಕ್ಕೆ ಸ್ವಾಗತ'. ಆ ಹುಡುಗ ಹುಟ್ಟಿ ಬೆಳೆದಿದ್ದು ವರ್ಜೀನಿಯಾದಲ್ಲೇ. ಓದ್ತಿದ್ದಿದ್ದೂ ಅಲ್ಲೇ. ನಿಮ್ಮ ಅಕ್ಕನೋ ಚಿಕ್ಕಪ್ಪನ ಮಗನೋ ಅಲ್ಲಿ ಸೆಟ್ಲ್ ಆಗಿದ್ರೆ, ಅವರ ಮಕ್ಕಳನ್ನ ನೆನಪಿಸ್ಕೊಳ್ಳಿ. ಮನೇಲಿ ಕನ್ನಡ ಅರ್ಥ ಆಗುತ್ತೆ, ಉತ್ತರ ಇಂಗ್ಲಿಷ್‌ನಲ್ಲಿ ಕೊಡ್ತವೆ, ಅವಕ್ಕೆ ಅದೇ ಊರು.

ಯೂಟ್ಯೂಬ್‌ಗೆ ಆಗಿನ್ನೂ ಒಂದೂವರೆ ವರ್ಷ. ವಿಡಿಯೋ ಹಬ್ಬಿತು. ಸುಲಭವಾಗಿ ಗೆಲ್ತಾರೆ ಅಂದುಕೊಂಡಿದ್ದ ಆಲೆನ್ ನವೆಂಬರ್‌ನಲ್ಲಿ 10,000ಕ್ಕಿಂತ ಕಡಿಮೆ ವೋಟಿನಿಂದ ಸೋತರು. ಆ ಒಂದು ಸೀಟ್‌ನಿಂದ ಸೆನೆಟ್ ಡೆಮಾಕ್ರಾಟ್‌ಗಳ ಕೈಗೆ ಹೋಯ್ತು. ಬೈಡನ್? ಮರುವರ್ಷದ ಜನವರಿಯಲ್ಲಿ ಒಬಾಮಾ ಬಗ್ಗೆ 'ಚೆನ್ನಾಗಿ ಮಾತಾಡ್ತಾರೆ, ಕ್ಲೀನ್ ಆಗಿದ್ದಾರೆ' ಅಂತ ಇನ್ನೊಂದು ಎಡವಟ್ಟು ಮಾಡಿಕೊಂಡರು. 2008ರಲ್ಲಿ ಅದೇ ಒಬಾಮಾ ಜೊತೆ ಉಪಾಧ್ಯಕ್ಷ.

ಎರಡೂ ಒಂದೇನಾ? ನನ್ನ ಪ್ರಕಾರ ಅಲ್ಲ. ಒಬ್ಬರು ಒಂದು ಹುಡುಗನನ್ನ ನೂರು ಜನರ ಮುಂದೆ ಒಂಟಿ ಮಾಡಿ ನಗಿಸಿದರು. ಇನ್ನೊಬ್ಬರು ಸ್ನೇಹದಲ್ಲೇ ಇಡೀ ಸಮುದಾಯವನ್ನ ಕ್ಯಾಷ್ ಕೌಂಟರ್ ಹಿಂದೆ ನಿಲ್ಲಿಸಿದರು. ನೋವಿನ ತೂಕ ಬೇರೆ. ಆದ್ರೆ ಆಲೆನ್ ಮಾತಿಗೆ ತಿಂಗಳುಗಟ್ಟಲೆ ಕೂಗಿದವರಿಗೆ ಬೈಡನ್ ಮಾತು ನಗು ತರಿಸಿದ್ದು, ಬೈಡನ್ ಮಾತನ್ನ ಎತ್ತಿ ಹಿಡಿದವರಿಗೆ ಆಲೆನ್ ಅಂದದ್ದು ಅರ್ಥವೇ ಆಗದ ಪದ ಆಗಿದ್ದು, ಎರಡೂ ನಿಜ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೆಯ ನೊಣ ಹುಡುಕೋದು ಅಂತಾರಲ್ಲ, ಇಲ್ಲಿ ಎರಡೂ ಎಲೆಯವರು ಹುಡುಕ್ತಿದ್ರು.

ಅದೇ 2006ರ ನವೆಂಬರ್‌ನಲ್ಲಿ ಇನ್ನೊಂದು ಸಣ್ಣ ಸುದ್ದಿ. ರಿಪಬ್ಲಿಕನ್ ಸೆನೆಟರ್‌ಗಳು ತಮ್ಮ ಎರಡನೇ ಸ್ಥಾನದ ನಾಯಕನನ್ನ, ಅಂದ್ರೆ ವಿಪ್ ಅನ್ನ, ಆರಿಸಿದರು. 25-24. ಗೆದ್ದಿದ್ದು ಟ್ರೆಂಟ್ ಲಾಟ್. ಇದು ನೆನಪಿದ್ರೆ 2010 ಅರ್ಥ ಆಗುತ್ತೆ.

2010ರ ಜನವರಿಯಲ್ಲಿ ಒಂದು ಪುಸ್ತಕದಿಂದ ಹೊರಬಂದ ಸುದ್ದಿ: ಡೆಮಾಕ್ರಾಟ್ ಬಹುಮತದ ನಾಯಕ ಹ್ಯಾರಿ ರೀಡ್, 2008ರ ಚುನಾವಣೆ ಹೊತ್ತಲ್ಲಿ ಖಾಸಗಿಯಾಗಿ, ಒಬಾಮಾ ಗೆಲ್ಲಬಹುದು, ಯಾಕಂದ್ರೆ ಚರ್ಮ ಅಷ್ಟು ಕಪ್ಪಿಲ್ಲ, ತಮಗೆ ಬೇಕು ಅನ್ನಿಸಿದಾಗ ಬಿಟ್ಟು 'ನೀಗ್ರೋ' ಶೈಲಿಯಲ್ಲಿ ಮಾತಾಡಲ್ಲ ಅಂದಿದ್ರಂತೆ. ರೀಡ್ ಅಲ್ಲಗಳೆಯಲಿಲ್ಲ, ಕ್ಷಮೆ ಕೇಳಿದರು. ಒಬಾಮಾ ತಕ್ಷಣ ಒಪ್ಪಿಕೊಂಡರು. ರಿಪಬ್ಲಿಕನ್ನರು ಎದ್ದರು: ನಮ್ಮ ಲಾಟ್ ಹೋಗಬೇಕಾಯ್ತು, ನಿಮ್ಮ ರೀಡ್ ಯಾಕೆ ಹೋಗಲ್ಲ? ಇದು ಡಬಲ್ ಸ್ಟಾಂಡರ್ಡ್ ಅಂತ ಜೋರಾಗಿ ಹೇಳಿದವರು ಪಕ್ಷದ ಅಧ್ಯಕ್ಷ, ಸ್ವತಃ ಕಪ್ಪು ಮನುಷ್ಯ ಮೈಕಲ್ ಸ್ಟೀಲ್. ತಮಾಷೆ ಏನಂದ್ರೆ ಅದೇ ವಾರ ಸ್ಟೀಲ್ ಟಿವಿಯಲ್ಲಿ ಅಮೆರಿಕದ ಮೂಲನಿವಾಸಿಗಳನ್ನ ಹೀಯಾಳಿಸೋ ಹಳೇ ನುಡಿಗಟ್ಟು ಬಳಸಿ ಟೀಕೆಗೆ ಸಿಕ್ಕಿದ್ದರು.

ರೀಡ್ ಮಾತು ಒರಟು, ಪದ ಹಳಸಿದ್ದು. ಆದ್ರೆ ಅವರು ಹೇಳ್ತಿದ್ದಿದ್ದು ಬಿಳಿ ಮತದಾರ ಯಾವ ಥರದ ಕಪ್ಪು ಮನುಷ್ಯನನ್ನ ಒಪ್ತಾನೆ ಅಂತ. ಲಾಟ್ ಹೊಗಳಿದ್ದು ಆ ಮನುಷ್ಯನಿಗೆ ವೋಟೇ ಇಲ್ಲದ ಕಾಲವನ್ನ. ಕನ್ಸರ್ವೇಟಿವ್ ಅಂಕಣಕಾರ ಜಾರ್ಜ್ ವಿಲ್ ಕೂಡ ರೀಡ್ ಮಾತಲ್ಲಿ ಜನಾಂಗದ್ವೇಷ ಕಾಣಲ್ಲ ಅಂದರು. ಹಾಗಂತ ಡೆಮಾಕ್ರಾಟ್‌ಗಳು ಇಷ್ಟೆಲ್ಲ ಯೋಚಿಸಿ ರೀಡ್ ಪರ ನಿಂತ್ರು ಅಂದುಕೋಬೇಡಿ. ಒಬಾಮಾ ಅವರ ಆರೋಗ್ಯ ವಿಮೆ ಮಸೂದೆ ಕೊನೇ ಹಂತದಲ್ಲಿತ್ತು, ಅದನ್ನ ದಾಟಿಸೋಕೆ ರೀಡ್ ಬೇಕಿತ್ತು.

2019ಕ್ಕೆ ಬನ್ನಿ. ಜನವರಿಯಲ್ಲಿ ಅಯೋವಾದ ರಿಪಬ್ಲಿಕನ್ ಸಂಸದ ಸ್ಟೀವ್ ಕಿಂಗ್, ಬಿಳಿಯರ ಶ್ರೇಷ್ಠತೆ ಅನ್ನೋ ಪದ ಯಾವಾಗಿಂದ ಕೆಟ್ಟದಾಯ್ತು ಅನ್ನೋ ಅರ್ಥದಲ್ಲಿ ಮಾತಾಡಿದರು. ಪಕ್ಷ ಎಲ್ಲ ಸಮಿತಿಗಳಿಂದ ಕಿತ್ತುಹಾಕಿತು. ಒಳ್ಳೇದೇ, ಆದ್ರೆ ಇಂಥ ಮಾತನ್ನ ಕಿಂಗ್ ವರ್ಷಗಟ್ಟಲೆ ಆಡ್ತಿದ್ದರು. ಹಿಂದಿನ ನವೆಂಬರ್‌ನಲ್ಲಿ ಅವರು ಕಷ್ಟಪಟ್ಟು ಗೆದ್ದ ಮೇಲೇ ಪಕ್ಷದ ಕಿವಿ ಚುರುಕಾಗಿದ್ದು.

ಫೆಬ್ರವರಿ 1ಕ್ಕೆ ಡೆಮಾಕ್ರಾಟ್‌ಗಳ ಸರದಿ. ವರ್ಜೀನಿಯಾ ಗವರ್ನರ್ ರಾಲ್ಫ್ ನಾರ್ತಮ್ ಅವರ 1984ರ ಮೆಡಿಕಲ್ ಕಾಲೇಜ್ ಇಯರ್‌ಬುಕ್, ಅವರ ಪುಟದಲ್ಲಿ ಒಂದು ಫೋಟೊ. ಒಬ್ಬ ಮುಖಕ್ಕೆ ಮಸಿ ಬಳಿದುಕೊಂಡಿದ್ದಾನೆ, ಕಪ್ಪು ಜನರನ್ನ ಅಣಕಿಸೋ ಹಳೇ ನಾಟಕದವರ ವೇಷ. ಪಕ್ಕದಲ್ಲಿ ಇನ್ನೊಬ್ಬ ಕ್ಲಾನ್ ನಿಲುವಂಗಿಯಲ್ಲಿ. ಮೊದಲ ದಿನ ಅದರಲ್ಲಿ ನಾನಿದ್ದೀನಿ, ಕ್ಷಮಿಸಿ ಅಂದರು. ಮಾರನೇ ದಿನ ಅದು ನಾನಲ್ಲ, ಆದ್ರೆ ಬೇರೊಂದು ಸಲ ಮೈಕಲ್ ಜಾಕ್ಸನ್ ಡ್ಯಾನ್ಸ್ ಸ್ಪರ್ಧೆಗೆ ಮುಖ ಕಪ್ಪು ಮಾಡಿಕೊಂಡಿದ್ದೆ ಅಂದರು. ಈಗಲೂ ಮೂನ್‌ವಾಕ್ ಮಾಡ್ತೀರಾ ಅಂತ ಒಬ್ಬ ವರದಿಗಾರ ಕೇಳಿದಾಗ ಮನುಷ್ಯ ಜಾಗ ನೋಡೋಕೆ ಶುರುಮಾಡಿದ್ರು. ಪಕ್ಕದಲ್ಲಿದ್ದ ಹೆಂಡತಿ ಇದು ಅದಕ್ಕೆ ಸಮಯ ಅಲ್ಲ ಅಂತ ತಡೆದರು. ನಿಜವಾಗ್ಲೂ.

ಡೆಮಾಕ್ರಾಟ್ ನಾಯಕರು ಸಾಲುಸಾಲಾಗಿ ರಾಜೀನಾಮೆ ಕೇಳಿದರು. ನಮಗೆ ತತ್ವ ಮುಖ್ಯ ಅಂತ. ಅಷ್ಟರಲ್ಲಿ ಅವರ ನಂತರದ ಲೆಫ್ಟಿನೆಂಟ್ ಗವರ್ನರ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು, ಅವರು ಅಲ್ಲಗಳೆದರು. ಅವರ ನಂತರದ ಅಟಾರ್ನಿ ಜನರಲ್, ನಾನೂ ಒಮ್ಮೆ ಮುಖಕ್ಕೆ ಮಸಿ ಬಳ್ಕೊಂಡಿದ್ದೆ ಅಂತ ತಾವಾಗೇ ಒಪ್ಪಿಕೊಂಡರು. ಮೂವರೂ ಡೆಮಾಕ್ರಾಟ್. ಮೂವರೂ ಹೋದ್ರೆ ಕುರ್ಚಿ ರಿಪಬ್ಲಿಕನ್ ಸ್ಪೀಕರ್‌ಗೆ. ರಾಜೀನಾಮೆಯ ಕೂಗು ನಿಧಾನಕ್ಕೆ ತಣ್ಣಗಾಯ್ತು. ಮತ್ತೆ ಅದೇ ಲೆಕ್ಕ, ಪಕ್ಷ ಮಾತ್ರ ಬೇರೆ.

ಆದ್ರೆ ಈ ಪ್ರಕರಣದಲ್ಲಿ ಒಂದು ಕೆಲಸ ಆಯ್ತು, ಯಾರೋ ಕಪ್ಪು ಮತದಾರರನ್ನೇ ಕೇಳಿದರು. ಆ ತಿಂಗಳ ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆಯಲ್ಲಿ ನಾರ್ತಮ್ ಉಳಿಯಬೇಕಾ ಹೋಗಬೇಕಾ ಅನ್ನೋದಕ್ಕೆ ಒಟ್ಟಾರೆ ರಾಜ್ಯ ಸಮಸಮ, 47-47. ಕಪ್ಪು ಜನರಲ್ಲಿ ಶೇ 58 ಉಳೀಲಿ ಅಂದರು. ಟಿವಿಯಲ್ಲಿ ಅವರ ಪರವಾಗಿ ಸಿಟ್ಟಾಗಿದ್ದವರಿಗೆ ಇದು ನುಂಗೋಕೆ ಕಷ್ಟದ ನಂಬರ್. ಅವರು ಕ್ಷಮಿಸಿದ್ರು ಅಂತ ನಾನು ಹೇಳಲ್ಲ. ಉಳಿಸ್ಕೊಂಡು ಕೆಲಸ ಮಾಡಿಸ್ಕೊಳ್ಳೋಣ ಅಂದುಕೊಂಡಿರಬಹುದು. ನಾರ್ತಮ್ ಉಳಿದರು. 2021ರ ಮಾರ್ಚ್‌ನಲ್ಲಿ ಮರಣದಂಡನೆ ರದ್ದು ಮಾಡೋ ಕಾನೂನಿಗೆ ಸಹಿ ಹಾಕಿದರು, ದಕ್ಷಿಣದ ರಾಜ್ಯಗಳಲ್ಲಿ ಅದೇ ಮೊದಲು. ಸೆಪ್ಟೆಂಬರ್‌ನಲ್ಲಿ ರಿಚ್ಮಂಡ್‌ನಲ್ಲಿದ್ದ, ಗುಲಾಮಗಿರಿ ಉಳಿಸೋಕೆ ಹೋರಾಡಿದ ಸೈನ್ಯದ ಜನರಲ್ ಲೀ ಪ್ರತಿಮೆ ಕೆಳಗಿಳೀತು.

ಈಗ ಕೊನೇ ಸಲ ಆ ಬರ್ತ್‌ಡೇ ಪಾರ್ಟಿಗೆ ವಾಪಸ್ ಹೋಗೋಣ. ಥರ್ಮಂಡ್ 2003ರ ಜೂನ್‌ನಲ್ಲಿ ತೀರಿಕೊಂಡರು. ಆರು ತಿಂಗಳಾದ ಮೇಲೆ, ಲಾಸ್ ಏಂಜಲೀಸ್‌ನಲ್ಲಿದ್ದ 78 ವರ್ಷದ ನಿವೃತ್ತ ಟೀಚರ್ ಒಬ್ಬರು ಮಾಧ್ಯಮಗಳ ಮುಂದೆ ಬಂದರು. ಎಸ್ಸೀ ಮೇ ವಾಷಿಂಗ್ಟನ್-ವಿಲಿಯಮ್ಸ್. ಕಪ್ಪು ಮಹಿಳೆ. ಥರ್ಮಂಡ್ ನನ್ನ ತಂದೆ ಅಂದರು. ತಾಯಿ ಕ್ಯಾರಿ ಬಟ್ಲರ್, ಥರ್ಮಂಡ್ ಕುಟುಂಬದ ಮನೆಗೆಲಸದ ಹುಡುಗಿ. ಮಗು ಹುಟ್ಟಿದಾಗ ಅವಳಿಗೆ 16, ಅವರಿಗೆ 22. ಥರ್ಮಂಡ್ ಗುಟ್ಟಾಗಿ ದುಡ್ಡು ಕೊಡ್ತಿದ್ದರು, ಭೇಟಿಯಾಗ್ತಿದ್ದರು, ಲೋಕದ ಮುಂದೆ ಒಪ್ಪಿಕೊಳ್ಳಲಿಲ್ಲ. 1948ರಲ್ಲಿ ಅವರು ಬಿಳಿಯರು ಬೇರೆ ಕಪ್ಪು ಜನ ಬೇರೆ ಅಂತ ಊರೂರು ಸುತ್ತಿ ಭಾಷಣ ಮಾಡುವಾಗ ಮಗಳಿಗೆ 22 ದಾಟಿತ್ತು. ಲಾಟ್ ಆ ಚುನಾವಣೆಯನ್ನ ಹೊಗಳಿದ ದಿನ 77. ಆಮೇಲಿನ 15 ದಿನ ಎರಡೂ ಪಕ್ಷದವರು ಲಾಟ್ ಹೆಚ್ಚಾ ಬರ್ಡ್ ಹೆಚ್ಚಾ ಅಂತ ಟಿವಿಯಲ್ಲಿ ಕಿತ್ತಾಡುವಾಗಲೂ ಅವರು ಸುಮ್ಮನೇ ಇದ್ದರು.

ಥರ್ಮಂಡ್ ಕುಟುಂಬ ಸತ್ಯ ಒಪ್ಪಿಕೊಂಡಿತು. ಸೌತ್ ಕೆರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿ, ವಿಧಾನಸಭೆ ಆವರಣದಲ್ಲಿ ಥರ್ಮಂಡ್ ಸ್ಮಾರಕ ಇದೆ. ಅದರಲ್ಲಿ ನಾಲ್ಕು ಮಕ್ಕಳ ತಂದೆ ಅಂತ ಕೆತ್ತಿದ್ದರು. 2004ರಲ್ಲಿ ಆ ನಾಲ್ಕನ್ನ ಐದು ಅಂತ ತಿದ್ದಿ, ಎಸ್ಸೀ ಮೇ ಹೆಸರು ಸೇರಿಸಿದರು. ಕಲ್ಲಲ್ಲಿ ಕೆತ್ತಿದ್ದನ್ನ ಪೂರ್ತಿ ಅಳಿಸೋಕಾಗಲ್ಲ. ತಿದ್ದಿದ ಜಾಗ ಈಗಲೂ ಕಾಣುತ್ತೆ.